ತೂಗುಕುರ್ಚಿಯಲ್ಲಿ ಕೂತ ಹೆಣ

ಸುಳ್ಳು ಹೇಳಬೇಕೆಂದು ವೆಂಡೆಲ್ ಕ್ರೌಸ್ ಫೋನ್ ಎತ್ತಿಕೊಂಡಿರಲಿಲ್ಲ. ಸುಳ್ಳು ಅವನ ಕೈಲಾಗುವ ಕೆಲಸವೇ ಅಲ್ಲ. ನಿಜ ಹೇಳುವುದಕ್ಕೇ ಅವನಿಗೆ ಅರ್ಧ ದಿನ ಬೇಕು. ಆದರೆ ಆ ತುದಿಯಲ್ಲಿದ್ದವಳು ಹೆಂಡತಿಯ ಅಕ್ಕ ಆರ್ಲೀನ್. ದೂರದ ಟೊಲೀಡೊ ನಗರದಿಂದ ಫೋನ್ ಮಾಡಿದರೂ ನಿಮ್ಮ ಅಡುಗೆಮನೆಯಲ್ಲೇ ಸೊಂಟಕ್ಕೆ ಕೈ ಕೊಟ್ಟು ನಿಂತವಳ ಹಾಗೆ ಮಾತಾಡುವ ಹೆಂಗಸು.

"ವೆಂಡೆಲ್, ನಿನ್ನ ಕೈಲಿ ನಿನ್ನನ್ನೇ ನೋಡ್ಕೊಳ್ಳೋಕಾಗಲ್ಲ. ಇನ್ನು ಆ ಬೆಕ್ಕುಗಳನ್ನ ಏನು ನೋಡ್ಕೊಳ್ತೀಯ? ರೋಬರ್ಟಾ ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡು ಹೇಳಿದ್ಲು, ಬೆಕ್ಕುಗಳು ನಿನ್ನ ಜವಾಬ್ದಾರಿ ಆರ್ಲೀನ್ ಅಂತ. ಬಂದು ಕರ್ಕೊಂಡು ಹೋಗ್ತೀನಿ."

ವೆಂಡೆಲ್‌ನ ಹೆಂಡತಿ ರೋಬರ್ಟಾ ಮಾರ್ಚ್ ತಿಂಗಳಲ್ಲಿ ತೀರಿಕೊಂಡಿದ್ದಳು. ಅವಳು ಬಿಟ್ಟುಹೋದದ್ದು ಹಿಕರಿ ಬೀದಿಯ ಒಂದು ಮನೆ, ಒಬ್ಬ ಗಂಡ ಮತ್ತು ಎರಡು ಬೆಕ್ಕು: ಕರಿಯದು ಡೀಕನ್, ಕೆಂಚು ಬಣ್ಣದ್ದು ವ್ಯಾಫಲ್. ಎರಡೂ ವೆಂಡೆಲ್‌ನನ್ನು ಮನೆಯ ಹಳೇ ಪೀಠೋಪಕರಣವೆಂದೇ ತಿಳಿದಿದ್ದವು. ಊಟದ ಹೊತ್ತಿಗೆ ಕದಲುವ ಬೀರು ಅಂದುಕೊಂಡಿದ್ದರೂ ಆಶ್ಚರ್ಯವಿಲ್ಲ. ಆದರೂ ಅವು ಹೋಗುವುದು ಅವನಿಗೆ ಬೇಡವಾಗಿತ್ತು. ಆ ಮನೆಯಲ್ಲಿ ಉಸಿರಾಡುವ ಜೀವ ಅಂತ ಉಳಿದದ್ದು ಅವೆರಡೇ.

"ಇಲ್ಲಿ ಎಲ್ಲ ಚೆನ್ನಾಗಿದೆ ಆರ್ಲೀನ್," ಅಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. "ವರಾಂಡ ಪೂರ್ತಿ ಹ್ಯಾಲೊವೀನ್‌ಗೆ ಸಿಂಗಾರ ಮಾಡಿದೀನಿ. ಎಲ್ಲಾ ಕೈಯಲ್ಲೇ. ರೋಬರ್ಟಾ ಮಾಡ್ತಿದ್ದ ಹಾಗೆ."

ಆ ಗಳಿಗೆಯಲ್ಲಿ ವರಾಂಡದಲ್ಲಿ ತೂಗುಕುರ್ಚಿ ಬಿಟ್ಟರೆ ಇದ್ದದ್ದು ಕೆಟ್ಟುನಿಂತ ಹುಲ್ಲು ಕತ್ತರಿಸುವ ಯಂತ್ರ ಮತ್ತು ಒಣಗಿದ ಒಂದು ಗಿಡ. ಎರಡೂ ನೋಡುವುದಕ್ಕೆ ಭಯಂಕರವಾಗಿದ್ದವು, ಆದರೆ ಕೈಯಿಂದ ಮಾಡಿದವಲ್ಲ.

"ಓಹೋ," ಅಂದಳು ಆರ್ಲೀನ್. "ಹಾಗಾದ್ರೆ ಭಿಕ್ಷುಕರ ರಾತ್ರಿಗೆ ಬಂದು ನೋಡ್ತೀನಿ. ಮನೆ ಮನೆ ಥರ ಇದ್ರೆ ಬೆಕ್ಕು ಅಲ್ಲೇ ಇರ್ಲಿ. ಇಲ್ಲಾಂದ್ರೆ ಬೆಕ್ಕಿನ ಪೆಟ್ಟಿಗೆ ಕಾರಲ್ಲೇ ಇರತ್ತೆ."

ಭಿಕ್ಷುಕರ ರಾತ್ರಿ ಅಂದರೆ ಅಕ್ಟೋಬರ್ ಕೊನೆಗೆ ಬರುವ ದೆವ್ವಗಳ ಹಬ್ಬ ಹ್ಯಾಲೊವೀನ್‌ನ ಹಿಂದಿನ ಸಂಜೆ. ಓಹಾಯೋದ ನಮ್ಮ ಹಾಲ್ಡೆನ್ ಊರಿನಲ್ಲಿ ಮಕ್ಕಳು ವೇಷ ಕಟ್ಟಿ ಮನೆಮನೆಗೆ ಬಂದು ಮಿಠಾಯಿ ಬೇಡುವುದು ಆಗಲೇ. ಅಗ್ನಿಶಾಮಕ ಠಾಣೆಯ ಸೈರನ್ ಕೂಗಿದ ಮೇಲೆ ಶುರು, ಮತ್ತೆ ಕೂಗಿದರೆ ಮುಗಿಯಿತು. ಅದರಲ್ಲೂ ಹಿಕರಿ ಬೀದಿಯ ಕಟ್ಟುಪಾಡೇ ಬೇರೆ. ಇಲ್ಲಿ ಅಂಗಡಿಯಿಂದ ತಂದ ಒಂದು ಪ್ಲಾಸ್ಟಿಕ್ ಬಾವಲಿಯನ್ನೂ ನೇತು ಹಾಕುವ ಹಾಗಿಲ್ಲ. ದೆವ್ವ, ಸಮಾಧಿ, ಮಾಟಗಾತಿ ಎಲ್ಲವನ್ನೂ ಸ್ವಂತ ಕೈಯಿಂದ ಮಾಡಬೇಕು. ಇದನ್ನು ನೋಡಿಕೊಳ್ಳಲು ಒಂದು ಸಮಿತಿ ಇದೆ. ಎದುರು ಮನೆಯ ಗ್ಲೆಂಡಾ ಫಿಪ್ಸ್ ಅದರ ಅಧ್ಯಕ್ಷೆ. ಅವಳ ಗಂಡ ರಸ್ ಉಳಿದ ಸಮಿತಿ. ನಿಯಮ ಮುರಿದವರಿಗೆ ಗ್ಲೆಂಡಾ ಶಿಕ್ಷೆಯನ್ನೇನೂ ಕೊಡುವುದಿಲ್ಲ. ಕ್ರಿಸ್ಮಸ್‌ವರೆಗೆ ಅವರ ಕಡೆ ನೋಡುವುದಿಲ್ಲ, ಅಷ್ಟೆ. ರೋಬರ್ಟಾ ಬದುಕಿದ್ದಷ್ಟು ಕಾಲ ಸಮಿತಿಯ ಮೊದಲ ಬಹುಮಾನದ ನೀಲಿ ರಿಬ್ಬನ್ ಬೇರೆ ಮನೆಯ ಬಾಗಿಲು ಕಂಡಿರಲಿಲ್ಲ.

ಸುಳ್ಳನ್ನು ನಿಜ ಮಾಡಲು ವೆಂಡೆಲ್ ಟೊಂಕ ಕಟ್ಟಿ ನಿಂತ. ಮೊದಲು ಮನೆಯಲ್ಲಿದ್ದ ಒಂದೇ ಒಂದು ಒಳ್ಳೆಯ ಹಾಸಿಗೆ ಬಟ್ಟೆಯನ್ನು ಕತ್ತರಿಸಿ ದೆವ್ವಗಳನ್ನು ಮಾಡಿ ತೂಗುಹಾಕಿದ. ವ್ಯಾಫಲ್ ಒಂದೊಂದಾಗಿ ಅವುಗಳ ಮೇಲೆ ಹಾರಿ ನೆಲಕ್ಕೆ ತಂದು, ಕೊನೆಯದನ್ನು ಹೊದ್ದು ಮಲಗಿತು. ಕಪ್ಪು ಕಾಗದದ ಬಾವಲಿಗಳನ್ನು ಕತ್ತರಿಸಿದ. ಡೀಕನ್ ಅವುಗಳ ರೆಕ್ಕೆ ತಿಂದು, ಜೀರ್ಣವಾಗದೆ, ಅವನ ಬೂಟಿನೊಳಗೆ ವಾಂತಿ ಮಾಡಿತು. ಥರ್ಮಕೋಲಿನಲ್ಲಿ ಸಮಾಧಿ ಕಲ್ಲುಗಳನ್ನು ಕೆತ್ತಿ ಬೂದು ಬಣ್ಣ ಬಳಿದ. ಎರಡೂ ಬೆಕ್ಕು ಅವುಗಳಿಗೆ ಉಗುರು ಮಸೆದೂ ಮಸೆದೂ, ಅಂಗಳದ ಸ್ಮಶಾನವೇ ಸತ್ತುಹೋದಂತೆ ಕಾಣತೊಡಗಿತು. ಕುಂಬಳಕಾಯಿಗೆ ಭೀಕರ ಮುಖ ಕೆತ್ತಲು ಹೋದರೆ ಅದು ಅಪ್ಪಣೆ ಕೇಳುತ್ತಿರುವ ಗುಮಾಸ್ತನ ಮುಖವಾಯಿತು. ವ್ಯಾಫಲ್ ಅದರೊಳಗೆ ತೂರಿ ಅದರ ಬಾಯಿಂದ ತಲೆ ಹೊರಹಾಕಿದ ಮೇಲೆ ಸ್ವಲ್ಪ ವಾಸಿಯಾಯಿತು, ಆದರೆ ಬೆಕ್ಕನ್ನು ಅಲ್ಲೇ ಕಟ್ಟಿಹಾಕಲು ಆಗುತ್ತದೆಯೇ?

ಹೀಗೆ ಭಿಕ್ಷುಕರ ರಾತ್ರಿಯ ಮಧ್ಯಾಹ್ನ ಬಂದೇಬಿಟ್ಟಿತು. ವರಾಂಡದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಆಗ ವೆಂಡೆಲ್‌ಗೆ ಒಂದು ಉಪಾಯ ಹೊಳೆಯಿತು. ಅವನಿಗೆ ಉಪಾಯ ಹೊಳೆದಾಗಲೆಲ್ಲ ರೋಬರ್ಟಾ ಮೊದಲು ಪ್ರಥಮ ಚಿಕಿತ್ಸೆಯ ಡಬ್ಬಿ ಹುಡುಕುತ್ತಿದ್ದಳು. ಈಗ ಹುಡುಕುವವರು ಯಾರೂ ಇರಲಿಲ್ಲ.

ಉಪಾಯ ಇಷ್ಟೇ. ವರಾಂಡದ ತೂಗುಕುರ್ಚಿಯಲ್ಲಿ ಒಂದು ಹೆಣ ಕೂರಿಸುವುದು. ಬಟ್ಟೆ ತನ್ನದೇ, ಒಳಗೆ ತುಂಬಲು ಹುಲ್ಲು. ಮುಖಕ್ಕೂ ಕೈಗಳಿಗೂ ತನ್ನ ಮುಖ ಮತ್ತು ಕೈಗಳ ಅಚ್ಚು. ರೋಬರ್ಟಾಳ ಹೊಲಿಗೆ ಕೋಣೆಯಲ್ಲಿ, ಮುರಿದ ಮೂಳೆಗೆ ಸುತ್ತುವಂಥ ಪ್ಲಾಸ್ಟರ್ ಪಟ್ಟಿ ಮತ್ತು ಪುಡಿ ಇದ್ದ ಡಬ್ಬವೊಂದು ಸಿಕ್ಕಿತು. ಹಚ್ಚುವ ಮೊದಲು ಚರ್ಮಕ್ಕೆ ವ್ಯಾಸಲೀನ್ ಬಳಿಯಬೇಕು ಎಂದು ಅದರ ಮೇಲೆ ದಪ್ಪ ಅಕ್ಷರದಲ್ಲಿತ್ತು. ಮನೆಯಲ್ಲಿ ವ್ಯಾಸಲೀನ್ ಇರಲಿಲ್ಲ. ಬೆಣ್ಣೆ ಇತ್ತು. ಜಿಡ್ಡು ಅಂದರೆ ಜಿಡ್ಡು ಎಂದು ವೆಂಡೆಲ್ ಮುಖಕ್ಕೂ ಮೀಸೆಗೂ ಕೈಗೂ ಧಾರಾಳವಾಗಿ ಬೆಣ್ಣೆ ಮೆತ್ತಿಕೊಂಡು, ಒಳಗೆ ಗಲೀಜಾದರೆ ಆರ್ಲೀನ್ ಸುಮ್ಮನಿರುವುದಿಲ್ಲವೆಂದು ವರಾಂಡದ ತೂಗುಕುರ್ಚಿಯಲ್ಲೇ ಕೂತು ಬಕೆಟ್ಟಿನಲ್ಲಿ ಪ್ಲಾಸ್ಟರ್ ಕಲಸತೊಡಗಿದ.

ಆಗ ಡೀಕನ್ ಅವನ ಎಡ ಭುಜಕ್ಕೆ ಹತ್ತಿತು, ವ್ಯಾಫಲ್ ಬಲ ಭುಜಕ್ಕೆ. ಇಷ್ಟು ತಿಂಗಳಲ್ಲಿ ಅವನ ಕಡೆ ಮೂಗು ತಿರುಗಿಸದಿದ್ದ ಬೆಕ್ಕುಗಳು ಅವನ ಕೆನ್ನೆ ನೆಕ್ಕಿದವು, ಹಣೆ ನೆಕ್ಕಿದವು, ಮೀಸೆಯನ್ನಂತೂ ಬುಡದವರೆಗೆ ನೆಕ್ಕಿದವು. ವೆಂಡೆಲ್ ಕಣ್ಣು ಮುಚ್ಚಿ ಕೂತ. ಮಾರ್ಚ್‌ನಿಂದೀಚೆಗೆ ಅವನ ಮುಖವನ್ನು ಯಾರೂ ಮುಟ್ಟಿರಲಿಲ್ಲ. ಅವು ತನ್ನನ್ನು ಒಪ್ಪಿಕೊಂಡವು ಎಂದು ಹಿಗ್ಗಿದ. ಒಪ್ಪಿಕೊಂಡದ್ದು ಬೆಣ್ಣೆಯನ್ನು ಎಂಬುದು ಆ ಸಂತೋಷದಲ್ಲಿ ತಲೆಗೆ ಹೋಗಲಿಲ್ಲ. ಬೆಕ್ಕುಗಳು ಇಳಿದುಹೋದಾಗ ಮುಖ ಪಾತ್ರೆ ತೊಳೆದಿಟ್ಟಷ್ಟು ಚೊಕ್ಕಟವಾಗಿತ್ತು.

ಮೊದಲು ಎಡಗೈಯನ್ನು ಕುರ್ಚಿಯ ತೋಳಿನ ಮೇಲಿಟ್ಟು, ತೋಳಿನ ಸಮೇತ ಪಟ್ಟಿ ಸುತ್ತಿದ. ಬಿಡಿಸುವಾಗ ಹೇಗೆ ಎಂಬ ಪ್ರಶ್ನೆಯನ್ನು ಆಮೇಲೆ ನೋಡಿಕೊಂಡರಾಯಿತೆಂದು ಬಿಟ್ಟ. ನಂತರ ಬಲಗೈಯಿಂದ ಮುಖಕ್ಕೆ ಪಟ್ಟಿ ಹಚ್ಚಿದ; ಮೂಗಿನ ಹೊಳ್ಳೆಗೂ ಕಣ್ಣಿಗೂ ಜಾಗ ಬಿಡುವಷ್ಟು ಬುದ್ಧಿ ಇತ್ತು, ಬಾಯಿಗೆ ಬಿಡುವಷ್ಟು ಇರಲಿಲ್ಲ. ಗಲ್ಲದ ಕೆಳಗಿಂದ ನೆತ್ತಿಯವರೆಗೆ ಬಿಗಿಯಾಗಿ ಎರಡು ಸುತ್ತು. ಕೊನೆಗೆ, ಉಳಿದ ಪ್ಲಾಸ್ಟರನ್ನು ಬ್ರೆಡ್ ಸುಡುವ ತಗಡಿನ ಅಚ್ಚಿಗೆ ಸುರಿದು ತೊಡೆಯ ಮೇಲಿಟ್ಟುಕೊಂಡು ಬಲಗೈಯನ್ನು ಅದರಲ್ಲಿ ಅದ್ದಿ, ಗಟ್ಟಿಯಾಗಲೆಂದು ಕಾದ.

ಅದು ಚೆನ್ನಾಗಿಯೇ ಗಟ್ಟಿಯಾಯಿತು.

ಇಷ್ಟರಲ್ಲಿ ಜೇಡರ ಬಲೆ ಮಾಡಲೆಂದು ತಂದಿಟ್ಟಿದ್ದ ಬೂದು ಉಣ್ಣೆಯ ಉಂಡೆ ಬೆಕ್ಕುಗಳ ಕಣ್ಣಿಗೆ ಬಿತ್ತು. ಡೀಕನ್ ಅದನ್ನು ಕುರ್ಚಿಯ ಸುತ್ತ ಓಡಿಸಿತು, ವ್ಯಾಫಲ್ ಡೀಕನನ್ನು ಓಡಿಸಿತು. ಉಂಡೆ ಮುಗಿಯುವ ಹೊತ್ತಿಗೆ ವೆಂಡೆಲ್‌ನ ಎರಡು ಕಾಲೂ ಕುರ್ಚಿಯ ಕಾಲುಗಳೂ ಒಂದೇ ಸಂಸಾರವಾಗಿದ್ದವು. ಏಳಲು ನೋಡಿದ, ಕುರ್ಚಿ ಮುಂದೆ ತೂಗಿ ಹಿಂದೆ ಬಂತು. ಕಿರುಚಲು ನೋಡಿದ, "ಹ್ಮ್ಮ್ಮ್" ಎಂದಿತು. ಮುಖವಾಡವನ್ನು ಅಲುಗಿಸಿದ, ಅದು ಮೀಸೆಯ ಒಂದೊಂದು ಕೂದಲನ್ನೂ ಹೆಸರು ಹಿಡಿದು ಕರೆದು ಹಿಡಿದುಕೊಂಡಿತ್ತು. ವೆಂಡೆಲ್ ಮಾಡಬೇಕೆಂದಿದ್ದ ಹೆಣ ಸಿದ್ಧವಾಗಿತ್ತು. ಹುಲ್ಲು ತುಂಬುವ ಕೆಲಸವೂ ತಪ್ಪಿತ್ತು.

ಸೈರನ್ ಕೂಗುವ ಮೊದಲೇ ಸಮಿತಿ ಬಂತು. ಗ್ಲೆಂಡಾ ಮೆಟ್ಟಿಲ ಹತ್ತಿರ ಗಕ್ಕನೆ ನಿಂತಳು.

"ರಸ್, ಇಲ್ಲಿ ನೋಡು! ಅಯ್ಯೋ ದೇವ್ರೇ, ವೆಂಡೆಲ್‌ನ ಥರಾನೇ ಮಾಡಿದಾನೆ."

"ಥರಾನೇ ಏನಿಲ್ಲ," ಅಂದ ರಸ್. "ಹೊಟ್ಟೆ ನೋಡು. ದಿಂಬು ಜಾಸ್ತಿ ತುರುಕಿದಾನೆ."

"ಅವನ ಹೊಟ್ಟೆ ಇರೋದೇ ಹಾಗೆ. ಕೂತಿರೋ ರೀತಿ ಮಾತ್ರ ಥೇಟ್ ಅವನದೇ. ಬಸ್ಸು ತಪ್ಪಿಸ್ಕೊಂಡವನ ಹಾಗೆ."

ಜನ ಬಂದದ್ದು ಕಂಡು ವೆಂಡೆಲ್‌ಗೆ ಹೋದ ಜೀವ ಮರಳಿ ಬಂತು. ಬದುಕಿದೆ ಎಂದುಕೊಂಡು ಇದ್ದ ಬಲವನ್ನೆಲ್ಲ ಹಾಕಿ ತೂಗಿದ, "ಹ್ಮ್ಮ್! ಹ್ಮ್ಮ್ಮ್ಮ್!" ಅಂದ. ಗ್ಲೆಂಡಾ ಎರಡು ಹೆಜ್ಜೆ ಹಿಂದೆ ಹಾರಿದಳು. ಆಮೇಲೆ ಅವಳ ಮುಖ ಬಿಗಿಯಾಯಿತು.

"ಸದ್ದು ಬೇರೆ ಮಾಡತ್ತೆ. ತಾನಾಗೇ ತೂಗತ್ತೆ. ರಸ್, ಇದರೊಳಗೆ ಯಂತ್ರ ಇದೆ! ಅಂಗಡೀಂದ ತಂದು, ಮೇಲೆ ತನ್ನ ಅಂಗಿ ತೊಡಿಸಿದಾನೆ. ಮೋಸ! ರೋಬರ್ಟಾ ಇದ್ದಿದ್ರೆ ನಾಚಿಕೆಯಿಂದ ಸತ್ತೇ ಹೋಗ್ತಿದ್ಲು."

"ಗ್ಲೆಂಡಾ, ಅವಳು ಸತ್ತಿದಾಳೆ."

"ಅದಕ್ಕೇ ಹೇಳಿದ್ದು!"

ರಸ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಹೋಗ್ಲಿ ಬಿಡು, ಪಾಪ. ಏನೋ ಮಾಡ್ಕೊಂಡಿದಾನೆ. ಆ ಮನುಷ್ಯ ನಕ್ಕಿದ್ದು ನೋಡಿ ಎಷ್ಟು ಕಾಲ ಆಯ್ತು."

"ಪಾಪ ಬೇರೆ, ನಿಯಮ ಬೇರೆ," ಅಂದಳು ಗ್ಲೆಂಡಾ, ಮತ್ತು ಪೊಲೀಸಿಗೆ ಫೋನ್ ಮಾಡಿದಳು.

ಹಾಲ್ಡೆನ್‌ನ ಪೊಲೀಸ್ ಅಂದರೆ ಟ್ರೆಂಟ್. ಇವತ್ತು ಅವನಿಗೆ ಮಕ್ಕಳು ರಸ್ತೆ ದಾಟುವುದನ್ನು ನೋಡಿಕೊಳ್ಳುವ ಕೆಲಸ. ಅಕ್ಟೋಬರಿನ ಚಳಿಗೆ ದಪ್ಪ ಚರ್ಮದ ಕೈಗವಸು ತೊಟ್ಟಿದ್ದ. ಗ್ಲೆಂಡಾ ಹೇಳಿದ್ದನ್ನೆಲ್ಲ ಕೇಳಿ, ಕೊಲೆ ತನಿಖೆಗೆ ಬಂದವನಷ್ಟು ಗಂಭೀರವಾಗಿ ಕುರ್ಚಿಗೆ ಪ್ರದಕ್ಷಿಣೆ ಹಾಕಿದ.

"ಕಣ್ಣೂ ಮಿಟುಕಿಸತ್ತೆ ಮೇಡಂ. ದುಬಾರಿ ಮಾಲು ಇದು."

ವೆಂಡೆಲ್ ಮಿಟುಕಿಸುತ್ತಿದ್ದದ್ದು ನಿಜ. ಬೇರೆ ಮಿಟುಕಿಸುವಂಥದ್ದು ಅವನ ಹತ್ತಿರ ಇರಲಿಲ್ಲ.

"ಆಫ್ ಮಾಡ್ಸಿ ಟ್ರೆಂಟ್. ಚಿಕ್ಕ ಮಕ್ಕಳು ಹೆದರ್ಕೊಳ್ತವೆ."

"ಇಂಥಾದಕ್ಕೆ ಸ್ವಿಚ್ಚು ಕತ್ತಿನ ಹಿಂದೆ ಇರತ್ತೆ," ಎಂದು ಟ್ರೆಂಟ್ ಕಾಲರಿನೊಳಗೆ ಕೈಗವಸಿನ ಬೆರಳು ತೂರಿಸಿ ತಡಕಾಡಿದ. ವೆಂಡೆಲ್‌ಗೆ ಮೊದಲಿಂದಲೂ ಕತ್ತಿನಲ್ಲಿ ಕಚಗುಳಿ. "ಹ್ಮ್ ಹ್ಮ್ ಹ್ಮ್ ಹ್ಮ್" ಎಂದು ಕುರ್ಚಿ ಸಮೇತ ಕುಲುಕಾಡಿದ.

"ನೋಡಿದ್ರಾ ಮೇಡಂ! ನರಳಾಟದಿಂದ ನಗೋದಕ್ಕೆ ಬದಲಾಯ್ತು. ಸ್ವಿಚ್ಚು ಇಲ್ಲೇ ಎಲ್ಲೋ ಇದೆ."

ಸ್ವಿಚ್ಚಿಗಾಗಿ ಟ್ರೆಂಟ್ ಅವನ ಕಿವಿ ತಿರುಪಿದ, ಮೂಗು ಒತ್ತಿದ, ಕಂಕುಳಲ್ಲಿ ಹುಡುಕಿದ. ಕೊನೆಗೆ ಸೋತು, ಬಾಗಿಲ ಪಕ್ಕದ ಗೂಟದಲ್ಲಿದ್ದ ಸ್ಕಾರ್ಫ್ ತೆಗೆದು ಬಾಯಿಯ ಮೇಲೆ ಬಿಗಿದು ಕಟ್ಟಿ, ಸದ್ದು ಕಡಿಮೆಯಾಯಿತೆಂದು ಸಮಾಧಾನಪಟ್ಟುಕೊಂಡ. "ವೆಂಡೆಲ್ ಬಂದ ಮೇಲೆ ನಾನೇ ಒಂದು ಮಾತು ಹೇಳ್ತೀನಿ," ಎಂದು ವೆಂಡೆಲ್‌ನ ಭುಜ ತಟ್ಟಿ ಹೊರಟುಹೋದ.

ಸೈರನ್ ಕೂಗಿತು. ಮಕ್ಕಳು ಬಂದವು. ಹೆದರಿಕೊಂಡರೆ ಅಳುತ್ತವೆ, ಅತ್ತರೆ ಯಾರಾದರೂ ಬಂದು ನೋಡುತ್ತಾರೆ ಎಂದು ವೆಂಡೆಲ್‌ಗೆ ಆಸೆ. ಒಂದೂ ಹೆದರಲಿಲ್ಲ. ವೆಂಡೆಲ್ ಮೊದಲೇ ಮೆಟ್ಟಿಲ ಮೇಲೆ ತುಂಬಿಟ್ಟಿದ್ದ ಬುಟ್ಟಿಯಿಂದ ಮಿಠಾಯಿ ಬಾಚಿಕೊಂಡವು. "ಹೋದ ವರ್ಷದ್ದೇ ಚೆನ್ನಾಗಿತ್ತು," ಎಂದು ಒಂದು ಮಾಟಗಾತಿ ಇನ್ನೊಂದು ಮಾಟಗಾತಿಗೆ ಹೇಳುತ್ತಾ ಹೋಯಿತು. ಹೋದ ವರ್ಷದ್ದು ರೋಬರ್ಟಾ ಮಾಡಿದ್ದು. ವೆಂಡೆಲ್‌ಗೂ ಅದೇ ಅಭಿಪ್ರಾಯವಿತ್ತು.

ಚಳಿ ಏರಿತು. ಬೆಕ್ಕುಗಳು ಬಂದು ಬೆಚ್ಚಗಿನ ಜಾಗ ಹುಡುಕಿ ಅವನ ಹೊಟ್ಟೆಯ ಮೇಲೆ ಸುರುಳಿ ಸುತ್ತಿ ಮಲಗಿದವು. ಈ ಸಲ ಬೆಣ್ಣೆ ಇರಲಿಲ್ಲ.

ಆಗ ಆರ್ಲೀನ್‌ಳ ಕಾರು ಬಂತು. ಎರಡು ಪೆಟ್ಟಿಗೆ ಹಿಂದಿನ ಸೀಟಿನಲ್ಲಿ ಕಾಣುತ್ತಿದ್ದವು. ಅವಳು ಇಳಿಯುವುದಕ್ಕೂ ಗ್ಲೆಂಡಾ ರಸ್ತೆ ದಾಟಿ ಬರುವುದಕ್ಕೂ ಸರಿಹೋಯಿತು.

"ಹೇಳ್ಬೇಕೋ ಬೇಡ್ವೋ ಗೊತ್ತಿಲ್ಲ ಆರ್ಲೀನ್," ಎಂದು ಗ್ಲೆಂಡಾ ಎಲ್ಲವನ್ನೂ ಹೇಳಿದಳು. "ಮನುಷ್ಯ ಆಚೆಗೇ ಬರಲ್ಲ. ಕತ್ತಲಾಗೋ ಮೊದಲೇ ದೀಪ ಆರ್ಸಿ ಮಲಗ್ತಾನೆ. ಡಬ್ಬದ ಸೂಪು ಬಿಟ್ರೆ ಬೇರೆ ಊಟ ಇಲ್ಲ. ಈಗ ನೋಡಿದ್ರೆ ಅಂಗಡಿ ಗೊಂಬೆ ತಂದು ಕೂರ್ಸಿ ಎಲ್ಲೋ ಹೋಗಿದಾನೆ."

ಆರ್ಲೀನ್ ಕುರ್ಚಿಯ ಪಕ್ಕದಲ್ಲೇ ಹಾದು ಮನೆಯೊಳಗೆ ಹೋದಳು. ವೆಂಡೆಲ್ ಸ್ಕಾರ್ಫಿನೊಳಗಿಂದ ಕೂಗಿದ. "ಬಾಯ್ಮುಚ್ಚು," ಅಂದಳು ಆರ್ಲೀನ್ ಯಂತ್ರಕ್ಕೆ. ಒಳಗೆ ಬಾಗಿಲು ತೆಗೆದ ಸದ್ದು, ನಲ್ಲಿಯ ಸದ್ದು, ಆಮೇಲೆ ಬಹಳ ಹೊತ್ತು ಯಾವ ಸದ್ದೂ ಇಲ್ಲ. ಮುಗಿಯಿತು, ಬೆಕ್ಕುಗಳು ಹೋದವು ಎಂದುಕೊಂಡ ವೆಂಡೆಲ್. ಹೊಟ್ಟೆಯ ಮೇಲೆ ಅವು ಗುರುಗುಟ್ಟುತ್ತಲೇ ಇದ್ದವು.

ಆರ್ಲೀನ್ ಹೊರಗೆ ಬಂದವಳು ಮೇಲಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮಕ್ಕಳೆಲ್ಲ ಬೀದಿಯ ಆ ತುದಿಗೆ ಹೋಗಿದ್ದವು. ಗ್ಲೆಂಡಾ ಇನ್ನೊಂದು ಮನೆಯ ನಿಯಮ ನೋಡಲು ಹೋಗಿದ್ದಳು.

"ಎಲ್ಲಿ ಹೋದ್ಯೋ ದಡ್ಡ," ಅಂದಳು ಆರ್ಲೀನ್ ಗೊಂಬೆಯ ಕಡೆ ತಿರುಗಿ. "ನಿನ್ನ ಊಟದ ತಟ್ಟೆ ಎಷ್ಟು ದಿನದ್ದೋ ಬಿದ್ದಿದೆ. ಬೆಕ್ಕಿನ ತಟ್ಟೆ ಫಳಫಳ ಅಂತಿದೆ. ಅವಳ ಕೋಟು ಇನ್ನೂ ಗೂಟದಲ್ಲೇ ಇದೆ."

ಹೀಗೆ ಗೊಂಬೆಯ ಜೊತೆ ಮಾತಾಡುತ್ತಿರುವುದು ಅವಳಿಗೇ ವಿಚಿತ್ರವೆನಿಸಿರಬೇಕು. ಅತ್ತಿತ್ತ ನೋಡಿದಳು. ಯಾರೂ ಇಲ್ಲದ್ದರಿಂದ ಮುಂದುವರಿಸಿದಳು.

"ಒಂದು ಮಾತು ಹೇಳ್ಲಾ? ನೀನು ಸುಣ್ಣದ ಗೊಂಬೆ, ನಿಂಗೆ ಹೇಳಿದ್ರೆ ನಷ್ಟ ಇಲ್ಲ. ರೋಬರ್ಟಾ ನಂಗೆ ಏನೂ ಹೇಳ್ಲಿಲ್ಲ. ಬೆಕ್ಕಿನ ವಿಷ್ಯ ನಾನೇ ಕಟ್ಟಿದ್ದು. ಟೊಲೀಡೊದಲ್ಲಿ ಮನೆಗೆ ಹೋದ್ರೆ ಬಾಗಿಲು ತೆಗೆದ ಸದ್ದು ಬಿಟ್ರೆ ಬೇರೆ ಸದ್ದಿಲ್ಲ ಕಣೋ. ಅವಳು ಮುಟ್ಟಿದ್ದು ಏನಾದ್ರೂ ಒಂದು ಮನೇಲಿ ಓಡಾಡ್ಕೊಂಡಿರ್ಲಿ ಅನ್ನಿಸ್ತು. ಅದಕ್ಕೆ ಸತ್ತವಳ ಹೆಸರಲ್ಲಿ ಸುಳ್ಳು ಹೇಳ್ದೆ. ನನ್ನ ತಂಗಿ ಹೆಸರಲ್ಲಿ."

ಸಂಜೆಯಿಡೀ ನರಳಿದ್ದ ಗೊಂಬೆ ಆಗ ನರಳುವುದನ್ನು ನಿಲ್ಲಿಸಿತು. ತೂಗುವುದನ್ನೂ ನಿಲ್ಲಿಸಿತು. ಈ ಹೆಂಗಸು ಒಬ್ಬರ ಮುಂದೆ ಹೀಗೆ ಮಾತಾಡಿದ್ದು ವೆಂಡೆಲ್ ಮದುವೆಯಾದಂದಿನಿಂದ ಕಂಡಿರಲಿಲ್ಲ. ಒಳಗೆ ತಾನಿದ್ದೇನೆಂದು ಗೊತ್ತಾದರೆ ಅವಳು ಈ ಬೀದಿಗೆ ಮತ್ತೆ ಕಾಲಿಡುವುದಿಲ್ಲ. ಆದ್ದರಿಂದ ಅವನು ಜೀವಮಾನದಲ್ಲಿ ಮೊದಲ ಸಲ ಒಂದು ಕೆಲಸವನ್ನು ಸರಿಯಾಗಿ ಮಾಡಲು ನಿಶ್ಚಯಿಸಿದ. ಹೆಣದ ಹಾಗೆ ಕೂತ.

ಆರ್ಲೀನ್ ಎದ್ದು ವ್ಯಾಫಲ್‌ಗೆ ಕೈ ಹಾಕಿದಳು. ವ್ಯಾಫಲ್ ಒಪ್ಪಲಿಲ್ಲ. ಉಗುರುಗಳನ್ನು ಹೊರತೆಗೆದು, ಪ್ಯಾಂಟು ದಾಟಿ, ವೆಂಡೆಲ್‌ನ ತೊಡೆಯ ಮಾಂಸದಲ್ಲಿ ನೆಟ್ಟಿತು. ಆರ್ಲೀನ್ ಎಳೆದಳು. ಬೆಕ್ಕು ಬಿಗಿ ಹಿಡಿಯಿತು. ವೆಂಡೆಲ್ ಪಿಟ್ಟೆನ್ನಲಿಲ್ಲ. ಊರಿನ ಚೌಕದಲ್ಲಿ ಪ್ರತಿಮೆಗಳನ್ನು ಇದಕ್ಕಿಂತ ಕಡಿಮೆ ಶೌರ್ಯಕ್ಕೆ ನಿಲ್ಲಿಸಿದ್ದಾರೆ. ಆದರೆ ಕಣ್ಣು ಅವನ ಮಾತು ಕೇಳಬೇಕಲ್ಲ. ನೀರು ತುಂಬಿ, ಪ್ಲಾಸ್ಟರಿನ ಕೆನ್ನೆಯ ಮೇಲೆ ಇಳಿಯಿತು.

"ಇದಕ್ಕೆ ನೀರೂ ಬರತ್ತಾ?" ಎಂದು ಆರ್ಲೀನ್ ಬೆರಳಿಂದ ಒರೆಸಿದಳು. ಬೆರಳು ಕಿವಿಗೆ ತಾಗಿತು. ಕಿವಿ ಬೆಚ್ಚಗಿತ್ತು.

ಅವಳು ಬೆಕ್ಕನ್ನು ಬಿಟ್ಟಳು.

"ವೆಂಡೆಲ್?"

ಹೆಣ ಮಿಟುಕಿಸಿತು.

"ಯಾವಾಗಿಂದ... ನಾನು ಹೇಳಿದ್ದು ಕೇಳಿಸ್ತಾ ನಿಂಗೆ?"

ಮುಖವಾಡ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು. ಇಲ್ಲ. ಒಂದಕ್ಷರವೂ ಇಲ್ಲ.

ಆಮೇಲೆ ಬೀದಿಯೇ ನೆರೆಯಿತು. ರಸ್ ತಗಡು ಕತ್ತರಿಸುವ ಕತ್ತರಿ ತಂದ. ಟ್ರೆಂಟ್ ಉಣ್ಣೆ ಬಿಡಿಸುತ್ತಾ, "ಸ್ವಿಚ್ಚು ಸಿಗದೇ ಇದ್ದಾಗ್ಲೇ ನಂಗೆ ಅನುಮಾನ ಬಂದಿತ್ತು," ಅಂದ. ಮುಖವಾಡ ಮೀಸೆಯನ್ನು ಪೂರ್ತಿ ಕಿತ್ತುಕೊಂಡೇ ಹೊರಬಂತು. ಅದರ ಕೆಳಗೆ ಸಿಕ್ಕಿದ ವೆಂಡೆಲ್‌ನ ಮುಖ ಎಲ್ಲರಿಗೂ ಹೊಸದು. ಗ್ಲೆಂಡಾ ಮಾತ್ರ ಕೈಕಟ್ಟಿ ನಿಂತು ಯೋಚಿಸುತ್ತಿದ್ದಳು.

"ಅಂಗಡೀದಲ್ಲ, ಒಪ್ಕೊಂಡೆ," ಅಂದಳು ಕೊನೆಗೆ. "ಆದ್ರೆ ಕೈಯಿಂದ ಮಾಡಿದ್ದೂ ಅಲ್ಲ. ಜೀವ ಇರೋ ವಸ್ತು ಸ್ಪರ್ಧೆಗೆ ಸೇರಲ್ಲ."

"ಗ್ಲೆಂಡಾ, ಮನೆಗೆ ನಡಿ," ಅಂದ ರಸ್. ಸಮಿತಿಯಲ್ಲಿ ಅದು ಅವನ ಮೊಟ್ಟಮೊದಲ ಠರಾವು, ಅವತ್ತು ಅದು ಪಾಸೂ ಆಯಿತು.

ಅಡುಗೆಮನೆಯಲ್ಲಿ ಆರ್ಲೀನ್ ಡಬ್ಬದ ಸೂಪು ಬಿಸಿ ಮಾಡಿದಳು. ವೆಂಡೆಲ್ ಉರಿಯುವ ತುಟಿಯಿಂದ ಹೇಗೋ ಕುಡಿದ. ಇಬ್ಬರೂ ಬಟ್ಟಲನ್ನೇ ನೋಡುತ್ತಿದ್ದರು.

"ಬೆಕ್ಕು ಎರಡೂ ಇಲ್ಲೇ ಇರ್ಲಿ," ಅಂದಳು ಆರ್ಲೀನ್. "ಮನೆ ಚೆನ್ನಾಗೇ ಇದೆ."

ಮನೆ ಚೆನ್ನಾಗಿರಲಿಲ್ಲ. ಅದು ಇಬ್ಬರಿಗೂ ಕಾಣುತ್ತಿತ್ತು. ವೆಂಡೆಲ್‌ಗೆ ಬೇಕಾಗಿದ್ದು ಸಿಕ್ಕಿಬಿಟ್ಟಿತ್ತು. ಸುಮ್ಮನೆ ಹೂಂ ಅಂದರೆ ಸಾಕಿತ್ತು. ಅವನು ವ್ಯಾಫಲ್‌ನನ್ನು ನೋಡಿದ. ಅದು ಅವನ ಕಾಲಿನ ಮೇಲೆ ಗಲ್ಲ ಊರಿ ಮಲಗಿತ್ತು.

"ವ್ಯಾಫಲ್‌ನ ನೀನು ಕರ್ಕೊಂಡು ಹೋಗು," ಅಂದ. "ರೋಬರ್ಟಾ ನಂಗೂ ಹೇಳಿದ್ಲು. ವ್ಯಾಫಲ್ ಆರ್ಲೀನ್‌ಗೆ ಅಂತ."

ಆರ್ಲೀನ್ ಚಮಚ ಕೆಳಗಿಟ್ಟಳು. "ಯಾವಾಗ ಹೇಳಿದ್ಲು?"

"ಕೊನೇ ವಾರ. ಆಸ್ಪತ್ರೇಲಿ."

"ಕೊನೇ ವಾರ ಅವಳಿಗೆ ಮಾತೇ ಹೋಗಿತ್ತು ವೆಂಡೆಲ್."

ಅವನು ಇನ್ನೊಂದು ಚಮಚ ಸೂಪು ಕುಡಿದ. ಅದು ಒಳಗಿಳಿಯಲು ಬಹಳ ಹೊತ್ತು ಹಿಡಿಯಿತು.

"ಸನ್ನೆ ಮಾಡಿದ್ಲು," ಅಂದ.

ಆರ್ಲೀನ್ ಅವನ ಮುಖವನ್ನೇ ನೋಡಿದಳು. ಮೀಸೆಯಿಲ್ಲದ ಆ ಮುಖದಲ್ಲಿ ಸುಳ್ಳು ಅಡಗಿಸಿಡಲು ಎಲ್ಲಿಯೂ ಜಾಗವಿರಲಿಲ್ಲ.

"ಹೌದು," ಅಂದಳು ನಿಧಾನವಾಗಿ. "ನಂಗೂ ಸನ್ನೇನೇ ಮಾಡಿದ್ದು."

ಆಮೇಲೆ ಅವಳು ಕಾರಿಗೆ ಹೋಗಿ ಒಂದೇ ಒಂದು ಪೆಟ್ಟಿಗೆ ತಂದಳು.